ಬೊಜ್ಜು ಇಳಿಸಲು ಜಿಮ್ ಸೇರುವವರಿಗೆ: ಮಲೇಷ್ಯಾದಿಂದ 12 ವಾರಗಳ ಪೂರ್ತಿ ಲೆಕ್ಕ

ಕ್ವಾಲಾಲಂಪುರ: ಊರಿನಿಂದ ಹೊರಡುವಾಗ 65 ಕೆ.ಜಿ. ಇದ್ದವರು ನಾಲ್ಕೈದು ವರ್ಷದಲ್ಲಿ 80 ದಾಟುವುದು ಹೊರದೇಶದಲ್ಲಿ ದುಡಿಯುವ ನಮ್ಮವರಲ್ಲಿ ಹೊಸ ಸಂಗತಿ ಏನಲ್ಲ. ಗಲ್ಫ್‌ನಲ್ಲಾದರೆ ಕುಬೂಸ್, ಕಡಕ್ ಚಾ, ಎಸಿ ರೂಮು. ಇಲ್ಲಿ ಮಲೇಷ್ಯಾದಲ್ಲಿ 24 ಗಂಟೆ ತೆರೆದಿರುವ ಮಾಮಾಕ್ ಹೋಟೆಲು, ರೊಟಿ ಚಾನಾಯ್, ತೆಹ್ ತಾರಿಕ್. ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಊಟ, ಹನ್ನೊಂದಕ್ಕೆ ಊರಿಗೆ ವಿಡಿಯೋ ಕಾಲ್, ಹನ್ನೆರಡಕ್ಕೆ ನಿದ್ದೆ. ಹೀಗೆ ಬಂದ ಹೊಟ್ಟೆಯನ್ನು "ಸುಖದ ಲಕ್ಷಣ" ಅಂತ ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಲೆಕ್ಕ ನೋಡಿದರೆ ಅದು ಸುಖ ಅಲ್ಲ, ಸಾಲ.

ಮಲೇಷ್ಯಾದ ಆರೋಗ್ಯ ಇಲಾಖೆ 2023ರಲ್ಲಿ ನಡೆಸಿದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿನ ವಯಸ್ಕರಲ್ಲಿ ಶೇ. 54.4ರಷ್ಟು ಜನರಿಗೆ ಅತಿ ತೂಕ ಅಥವಾ ಬೊಜ್ಜು ಇದೆ. ಶೇ. 15.6 ಜನರಿಗೆ ಸಕ್ಕರೆ ಕಾಯಿಲೆ, ಶೇ. 29.2 ಜನರಿಗೆ ಬಿಪಿ. ಊರಿನ ಕಥೆಯೂ ಬೇರೆಯಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದಾಜು ಮಾಡಿದೆ. ಅಂದರೆ ನಾವು ಹುಟ್ಟಿದ ಊರಿನಲ್ಲೂ ಅಪಾಯ, ದುಡಿಯುವ ಊರಿನಲ್ಲೂ ಅಪಾಯ. ಒಬ್ಬನ ಸಂಬಳದ ಮೇಲೆ ಊರಲ್ಲಿ ನಾಲ್ಕೈದು ಜನ ನಿಂತಿರುವಾಗ, ಆ ಒಬ್ಬ ಹಾಸಿಗೆ ಹಿಡಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಜಿಮ್ ಸೇರಬೇಕು ಎಂದು ತುಂಬಾ ಜನ ತೀರ್ಮಾನ ಮಾಡುತ್ತಾರೆ. ವರ್ಷದ ಫೀ ಕಟ್ಟುತ್ತಾರೆ, ಎರಡು ವಾರ ದಿನಾ ಹೋಗುತ್ತಾರೆ, ಮೈಕೈ ನೋವು ಬರುತ್ತದೆ, ತೂಕ ಅರ್ಧ ಕೆ.ಜಿ.ಯೂ ಇಳಿದಿರುವುದಿಲ್ಲ, ಅಲ್ಲಿಗೆ ನಿಂತುಹೋಯಿತು. ಈ ಲೇಖನದ ಮುಖ್ಯ ಮಾತು ಇಷ್ಟೇ: ಮೊದಲ 12 ವಾರ ನೋಡಬೇಕಾದ ಅಂಕಿ ತೂಕ ಅಲ್ಲ, ಹಾಜರಿ. ಕೊಬ್ಬು ಇಳಿಯುವುದು ಹೆಚ್ಚಾಗಿ ತಟ್ಟೆಯಿಂದ. ಮಾಂಸಖಂಡ ಉಳಿಯುವುದು ಜಿಮ್‌ನಿಂದ. ಇವೆರಡೂ ನಡೆಯಬೇಕಾದರೆ ವಾರಕ್ಕೆ ಮೂರು ದಿನ ತಪ್ಪದೆ ಹೋಗಬೇಕು. ಬಾಕಿ ಎಲ್ಲ ಆಮೇಲೆ.

1. ಮೊದಲು ಅಳತೆ ತೆಗೆದಿಡಿ

ಯಾವ ಲೆಕ್ಕಕ್ಕೂ ಆರಂಭದ ಶಿಲ್ಕು ಬೇಕು. ಜಿಮ್‌ಗೆ ಕಾಲಿಡುವ ಮೊದಲು ಈ ನಾಲ್ಕನ್ನು ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿಡಿ.

• ತೂಕ: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದೇ ತೂಕದ ಯಂತ್ರದಲ್ಲಿ.

• ಸೊಂಟದ ಸುತ್ತಳತೆ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆಯದೆ. ದಕ್ಷಿಣ ಏಷ್ಯಾದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ ಗಂಟೆ.

• ಬಿಎಂಐ: ತೂಕವನ್ನು (ಕೆ.ಜಿ.) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿ. 80 ಕೆ.ಜಿ., 1.70 ಮೀಟರ್ ಎತ್ತರದವರಿಗೆ 27.7. ಸಾಮಾನ್ಯ ಪಟ್ಟಿಯಲ್ಲಿ 25ರಿಂದ ಅತಿ ತೂಕ ಎನ್ನುತ್ತಾರೆ. ಆದರೆ ಏಷ್ಯಾದವರಿಗೆ 23ರಿಂದಲೇ ಅಪಾಯ ಹೆಚ್ಚು, 27.5 ದಾಟಿದರೆ ತೀರಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹೇಳಿದ್ದಾರೆ. ನಮ್ಮ ಮೈಯಲ್ಲಿ ಅದೇ ತೂಕಕ್ಕೆ ಕೊಬ್ಬು ಹೆಚ್ಚು, ಮಾಂಸಖಂಡ ಕಡಿಮೆ ಇರುವುದು ಇದಕ್ಕೆ ಕಾರಣ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಅನ್ನುವ ಮೈಕಟ್ಟು ಅದೇ.

• ಬಿಪಿ ಮತ್ತು ಸಕ್ಕರೆ: ಹತ್ತಿರದ ಕ್ಲಿನಿಕ್‌ನಲ್ಲಿ ಒಮ್ಮೆ ನೋಡಿಸಿಕೊಳ್ಳಿ. ಮಲೇಷ್ಯಾದ ಎಷ್ಟೋ ಫಾರ್ಮಸಿಗಳಲ್ಲೂ ಬಿಪಿ ನೋಡುತ್ತಾರೆ.

2. ಇವರು ಮೊದಲು ಡಾಕ್ಟರನ್ನು ಕಾಣಲೇಬೇಕು

ನಡೆಯುವಾಗ ಎದೆ ಬಿಗಿಯುವವರು, ಎರಡು ಮಹಡಿ ಹತ್ತಿದರೆ ಅತಿಯಾಗಿ ಏದುಸಿರು ಬರುವವರು, ತಲೆಸುತ್ತು ಬಂದು ಬಿದ್ದಿರುವವರು, ಹೃದಯದ ಚಿಕಿತ್ಸೆ ಆದವರು, ಬಿಪಿ ಹತೋಟಿಯಲ್ಲಿಲ್ಲದವರು, ಮನೆಯಲ್ಲಿ ತಂದೆಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗಿರುವವರು. ಇವರು ಯಾರೂ ನೇರವಾಗಿ ಜಿಮ್‌ಗೆ ಹೋಗಬೇಡಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತಗೊಳ್ಳುವವರಿಗೆ ವ್ಯಾಯಾಮದ ವೇಳೆ ಸಕ್ಕರೆ ಏಕಾಏಕಿ ಇಳಿಯಬಹುದು. ಡೋಸ್ ಬದಲಿಸಬೇಕೇ ಎಂದು ಡಾಕ್ಟರನ್ನೇ ಕೇಳಿ, ರೂಮ್‌ಮೇಟನ್ನು ಕೇಳಬೇಡಿ. ಜಿಮ್ ಬ್ಯಾಗಿನಲ್ಲಿ ಗ್ಲೂಕೋಸ್ ಪುಡಿಯೋ ನಾಲ್ಕು ಸಕ್ಕರೆ ಮಿಠಾಯಿಯೋ ಇರಲಿ.

3. ಕೊಬ್ಬು ಇಳಿಯುವ ಲೆಕ್ಕ

ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಜಮಾ ಆಗಿರುತ್ತದೆ. ಅದನ್ನು ತೆಗೆಯಬೇಕಾದರೆ ತಿನ್ನುವುದಕ್ಕಿಂತ ಖರ್ಚು ಹೆಚ್ಚಾಗಬೇಕು, ಬೇರೆ ದಾರಿ ಇಲ್ಲ.

ಒಂದು ಉದಾಹರಣೆ. ತೆಹ್ ತಾರಿಕ್‌ಗೆ ಹಾಕುವ ಕಂಡೆನ್ಸ್ಡ್ ಮಿಲ್ಕ್ ಒಂದು ದೊಡ್ಡ ಚಮಚಕ್ಕೆ ಸುಮಾರು 65 ಕ್ಯಾಲೊರಿ. ಒಂದು ಗ್ಲಾಸಿಗೆ ಎರಡು ಚಮಚ ಎಂದಿಟ್ಟುಕೊಂಡರೆ 130. ದಿನಕ್ಕೆ ಮೂರು ಗ್ಲಾಸ್ ಕುಡಿದರೆ 390. ಈಗ ಎದುರು ಕಡೆ ನೋಡಿ. 80 ಕೆ.ಜಿ.ಯ ಮನುಷ್ಯ ಟ್ರೆಡ್‌ಮಿಲ್ ಮೇಲೆ ಗಂಟೆಗೆ 5 ಕಿ.ಮೀ. ವೇಗದಲ್ಲಿ ಒಂದು ಗಂಟೆ ನಡೆದರೆ ಖರ್ಚಾಗುವುದು ಸುಮಾರು 280. ಒಂದು ಗಂಟೆ ಬೆವರು ಸುರಿಸಿದ್ದು ಮೂರು ಗ್ಲಾಸ್ ಚಹಾಕ್ಕೆ ಸಾಲುವುದಿಲ್ಲ. "ದಿನಾ ಜಿಮ್‌ಗೆ ಹೋದರೂ ಇಳೀತಿಲ್ಲ" ಅನ್ನುವವರ ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಇಲ್ಲೇ.

ಹಾಗಾದರೆ ಜಿಮ್ ಯಾಕೆ, ಊಟ ಕಡಿಮೆ ಮಾಡಿದರೆ ಸಾಕಲ್ಲ ಎಂದು ಕೇಳಬಹುದು. ಬರೀ ಊಟ ಬಿಟ್ಟು ತೂಕ ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ನಲವತ್ತು ದಾಟಿದ ಮೇಲೆ ಮಾಂಸಖಂಡಕ್ಕೆ ವರ್ಷ ವರ್ಷ ಸವಕಳಿ ಇದ್ದೇ ಇದೆ. ಅದರ ಮೇಲೆ ಉಪವಾಸವನ್ನೂ ಸೇರಿಸಿದರೆ ಮನುಷ್ಯ ಸಣ್ಣ ಆಗುತ್ತಾನೆ, ಗಟ್ಟಿ ಆಗುವುದಿಲ್ಲ. ಊಟ ಮತ್ತೆ ಶುರುವಾದ ಕೂಡಲೇ ವಾಪಸ್ ಬರುವುದು ಹೆಚ್ಚಾಗಿ ಕೊಬ್ಬೇ. ಭಾರ ಎತ್ತುವ ವ್ಯಾಯಾಮ ಈ ನಷ್ಟವನ್ನು ತಡೆಯುತ್ತದೆ. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯನ್ನು ಬಳಸಿಕೊಳ್ಳುವುದರಲ್ಲೂ ಮಾಂಸಖಂಡದ ಪಾಲು ದೊಡ್ಡದು.

ವಾರಕ್ಕೆ ಕಾಲು ಕೆ.ಜಿ.ಯಿಂದ ಅರ್ಧ ಕೆ.ಜಿ. ಇಳಿದರೆ ಒಳ್ಳೆಯ ವೇಗ. ಅದಕ್ಕಿಂತ ಆತುರ ಬೇಡ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ಊಟ ಸರಿಪಡಿಸಿಕೊಂಡು ನಿಯಮಿತವಾಗಿ ನಡೆದದ್ದರಿಂದ ಕಾಯಿಲೆಗೆ ಜಾರುವ ಸಾಧ್ಯತೆ ಶೇ. 28.5ರಷ್ಟು ಕಡಿಮೆಯಾಯಿತು. ಅವರು ಮಾಡಿದ್ದು ದೊಡ್ಡ ಸಾಹಸವಲ್ಲ, ಬಿಡದೆ ಮಾಡಿದ ಸಣ್ಣ ಕೆಲಸ.

4. ಮಾಮಾಕ್ ಹೋಟೆಲಿನಲ್ಲಿ ಏನು ಹೇಳಬೇಕು

ಹೊರಗೆ ಊಟ ಮಾಡುವವರು ಈ ನಾಲ್ಕು ಮಲಯ ಮಾತು ಕಲಿತರೆ ಅರ್ಧ ಕೆಲಸ ಆದಂತೆ.

• "ಕುರಾಂಗ್ ಮಾನಿಸ್": ಸಿಹಿ ಕಡಿಮೆ.
• "ತೆಹ್ ಓ ಕೊಸೊಂಗ್": ಹಾಲೂ ಇಲ್ಲ, ಸಕ್ಕರೆಯೂ ಇಲ್ಲದ ಚಹಾ. ಬರೀ "ತೆಹ್ ಓ" ಎಂದರೆ ಹಾಲಿಲ್ಲ, ಆದರೆ ಸಕ್ಕರೆ ಇರುತ್ತದೆ. ಗಮನಿಸಿ.
• "ನಾಸಿ ಸೆಪಾರುಹ್": ಅನ್ನ ಅರ್ಧ.
• "ಕುವಾ ಆಸಿಂಗ್": ಗ್ರೇವಿ ಬೇರೆ ಕೊಡಿ. ನಾಸಿ ಕಂದರ್ ಅಂಗಡಿಯಲ್ಲಿ ಅನ್ನ ಮುಳುಗುವಷ್ಟು ಸಾರು ಸುರಿಯುವುದಕ್ಕೆ "ಬಂಜೀರ್" ಎನ್ನುತ್ತಾರೆ, ಅಂದರೆ ಪ್ರವಾಹ. ಆ ಪ್ರವಾಹದಲ್ಲಿ ಎಣ್ಣೆ ಮತ್ತು ತೆಂಗಿನ ಹಾಲೇ ಹೆಚ್ಚು.

ತಟ್ಟೆ ತುಂಬುವುದಕ್ಕೆ ಮಲೇಷ್ಯಾ ಆರೋಗ್ಯ ಇಲಾಖೆಯ ಸುಲಭ ಸೂತ್ರವೊಂದಿದೆ: "ಸುಕು-ಸುಕು-ಸೆಪಾರುಹ್", ಅಂದರೆ ಕಾಲು, ಕಾಲು, ಅರ್ಧ. ಕಾಲು ತಟ್ಟೆ ಅನ್ನ ಅಥವಾ ಚಪಾತಿ, ಕಾಲು ತಟ್ಟೆ ಮೀನು, ಕೋಳಿ, ಮೊಟ್ಟೆ ಅಥವಾ ಬೇಳೆಕಾಳು, ಉಳಿದ ಅರ್ಧ ತರಕಾರಿ ಮತ್ತು ಹಣ್ಣು. ನಮ್ಮ ತಟ್ಟೆಯಲ್ಲಿ ಸಾಮಾನ್ಯವಾಗಿ ಮುಕ್ಕಾಲು ಭಾಗ ಅನ್ನ, ಪಲ್ಯ ಒಂದು ಮೂಲೆಯಲ್ಲಿ. ಅದನ್ನು ತಿರುಗಿಸಿ ಹಾಕಿಕೊಳ್ಳಿ, ಅಷ್ಟೇ. ಕುಚ್ಚಲಕ್ಕಿ ಗಂಜಿ, ಮುದ್ದೆ, ರೊಟ್ಟಿ ಯಾವುದನ್ನೂ ಬಿಡಬೇಕಾಗಿಲ್ಲ. ಪ್ರಮಾಣ ಮಾತ್ರ ನೋಡಿಕೊಳ್ಳಿ.

ಪ್ರೋಟೀನ್ ವಿಷಯ: ವ್ಯಾಯಾಮ ಮಾಡುವವರಿಗೆ ಕೆ.ಜಿ. ತೂಕಕ್ಕೆ ದಿನಕ್ಕೆ 1.2 ಗ್ರಾಂ ಸುತ್ತಮುತ್ತ ಇಟ್ಟುಕೊಂಡರೆ ಸಾಕು. 80 ಕೆ.ಜಿ. ಇರುವವರಿಗೆ 95 ಗ್ರಾಂ ಹತ್ತಿರ. ಎರಡು ಮೊಟ್ಟೆಗೆ 12 ಗ್ರಾಂ, 100 ಗ್ರಾಂ ಬೇಯಿಸಿದ ಕೋಳಿ ಎದೆಮಾಂಸಕ್ಕೆ ಸುಮಾರು 30, 100 ಗ್ರಾಂ ಬಂಗುಡೆಗೆ 19ರಿಂದ 20. ಇಲ್ಲಿನ ಮಾರ್ಕೆಟ್ಟಿನಲ್ಲಿ "ಕೆಂಬುಂಗ್" ಎಂದು ಮಾರುವುದು ನಮ್ಮ ಬಂಗುಡೆಯ ಜಾತಿಯೇ, ಹುರಿಯುವ ಬದಲು ಪುಳಿಮುಂಚಿ ಮಾಡಿ. ಸಸ್ಯಾಹಾರಿಗಳಿಗೆ ಟೆಂಪೆ ಒಳ್ಳೆಯದು. ಸೋಯಾ ಕಾಳನ್ನು ಹುದುಗಿಸಿ ಮಾಡುವ ಈ ಬಿಲ್ಲೆಯಲ್ಲಿ 100 ಗ್ರಾಂಗೆ ಸುಮಾರು 19 ಗ್ರಾಂ ಪ್ರೋಟೀನ್. ಜೊತೆಗೆ ಹುರುಳಿ, ಕಡಲೆ, ಮೊಸರು. ಕಿಡ್ನಿ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಿ.

ಡಬ್ಬಿ ಪಾನೀಯಗಳ ಬಗ್ಗೆ ಒಂದು ಮಾತು. ಸಕ್ಕರೆ ಪಾನೀಯಗಳ ಮೇಲೆ ಮಲೇಷ್ಯಾ ಸರ್ಕಾರ 2019ರ ಜುಲೈಯಲ್ಲಿ ಲೀಟರಿಗೆ 40 ಸೆನ್ ತೆರಿಗೆ ಹಾಕಿತು. 2025ರ ಜನವರಿಯಿಂದ ಅದು 90 ಸೆನ್. ಸರ್ಕಾರವೇ ಇಷ್ಟು ಹೇಳುತ್ತಿರುವಾಗ ಜಿಮ್ ಮುಗಿಸಿ ಹೊರಬಂದು ತಣ್ಣನೆ ಸಿಹಿ ಡಬ್ಬಿ ತೆರೆಯುವುದರಲ್ಲಿ ಅರ್ಥವಿಲ್ಲ. ನೀರು ಕುಡಿಯಿರಿ.

5. ಹಣ ಕಟ್ಟುವ ಮುನ್ನ

ಜಿಮ್ ಫೀಯನ್ನು ತಿಂಗಳ ಲೆಕ್ಕದಲ್ಲಿ ನೋಡಬೇಡಿ, ಒಂದು ಭೇಟಿಗೆ ಎಷ್ಟು ಎಂದು ನೋಡಿ. ತಿಂಗಳಿಗೆ 120 ರಿಂಗಿಟ್ ಎಂದಿಟ್ಟುಕೊಳ್ಳಿ. ತಿಂಗಳಿಗೆ 12 ಸಲ ಹೋದರೆ ಒಂದು ಸಲಕ್ಕೆ 10 ರಿಂಗಿಟ್. ಮೂರೇ ಸಲ ಹೋದರೆ 40 ರಿಂಗಿಟ್. ಹಾಗಾಗಿ ಅಗ್ಗದ ಜಿಮ್ ಅಂದರೆ ಫೀ ಕಡಿಮೆ ಇರುವುದಲ್ಲ, ನೀವು ಹೋಗುವಂಥದ್ದು. ಮನೆಯಿಂದ ಅಥವಾ ಕೆಲಸದ ಜಾಗದಿಂದ 10 ನಿಮಿಷಕ್ಕಿಂತ ದೂರ ಇದ್ದರೆ ಮಳೆ ಬಂದ ದಿನ ಹೋಗುವುದಿಲ್ಲ. ಮಲೇಷ್ಯಾದಲ್ಲಿ ಸಂಜೆ ಮಳೆಗೆ ಕಾಲ ಅಂತ ಬೇರೆ ಇಲ್ಲ.

ಸಹಿ ಹಾಕುವ ಮೊದಲು ಇವನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ:

• ಕನಿಷ್ಠ ಎಷ್ಟು ತಿಂಗಳ ಕರಾರು? ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು?
• ಸೇರ್ಪಡೆ ಶುಲ್ಕ, ಕಾರ್ಡ್ ಶುಲ್ಕ, ತೆರಿಗೆ ಸೇರಿ ಒಟ್ಟು ಎಷ್ಟು?
• ರಜೆಗೆ ಊರಿಗೆ ಹೋದಾಗ ಸದಸ್ಯತ್ವ ತಡೆಹಿಡಿಯಬಹುದಾ?
• ವೀಸಾ ಮುಗಿದರೆ, ಕಂಪನಿ ಬೇರೆ ಊರಿಗೆ ಕಳಿಸಿದರೆ ಏನು?
• ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತ ಆಗುತ್ತದಾ? ಅದನ್ನು ನಿಲ್ಲಿಸುವುದು ಹೇಗೆ?

ವರ್ಷದ ಪ್ಯಾಕೇಜಿಗೆ ರಿಯಾಯಿತಿ ಕೊಡುತ್ತೇವೆ, ಇವತ್ತೇ ಕೊನೆ ಎಂದರೆ ನಕ್ಕು ಹೊರಗೆ ಬನ್ನಿ. ಮೊದಲು ಒಂದು ತಿಂಗಳ ಸದಸ್ಯತ್ವ ಅಥವಾ ದಿನದ ಪಾಸ್ ತಗೊಂಡು 12 ಹಾಜರಿ ಪೂರೈಸಿ. ಆಮೇಲೆ ದೊಡ್ಡ ಕರಾರಿನ ಮಾತು. ಪರ್ಸನಲ್ ಟ್ರೈನರ್ ಬೇಕೆಂದರೆ ಎರಡು ಮೂರು ಪಾಠ ಸಾಕು, ಯಂತ್ರ ಹಿಡಿಯುವ ಕ್ರಮ ಕಲಿಯುವಷ್ಟು.

6. ಮಲೇಷ್ಯಾದಲ್ಲಿ ತೆರಿಗೆ ಕಟ್ಟುವವರಿಗೆ

ಗಲ್ಫ್ ಓದುಗರು ಈ ಭಾಗ ದಾಟಿ ಹೋಗಬಹುದು. ಸಂಬಳಕ್ಕೆ ತೆರಿಗೆ ಇಲ್ಲದ ಕಡೆ ವಿನಾಯಿತಿಯ ಮಾತೂ ಇಲ್ಲ. ಮಲೇಷ್ಯಾದಲ್ಲಿ ವರ್ಷಕ್ಕೆ 182 ದಿನ ಅಥವಾ ಹೆಚ್ಚು ಇದ್ದು ತೆರಿಗೆ ನಿವಾಸಿ ಆದವರು, 2024ರ ತೆರಿಗೆ ವರ್ಷದಿಂದ ಕ್ರೀಡಾ ಖರ್ಚಿನ ಬಾಬ್ತು 1,000 ರಿಂಗಿಟ್‌ವರೆಗೆ ಕಡಿತ ಕೇಳಬಹುದು. ನೋಂದಾಯಿತ ಜಿಮ್‌ನ ಸದಸ್ಯತ್ವ ಶುಲ್ಕ ಇದರಲ್ಲಿ ಸೇರುತ್ತದೆ. ಇದು ತೆರಿಗೆಯಿಂದ ಕಳೆಯುವ ಹಣವಲ್ಲ, ಆದಾಯದಿಂದ ಕಳೆಯುವುದು. ನಿಮ್ಮ ಆದಾಯದ ಮೇಲಿನ ಹಂತಕ್ಕೆ ಶೇ. 11 ತೆರಿಗೆ ಇದ್ದರೆ 1,000ಕ್ಕೆ ಉಳಿಯುವುದು 110 ರಿಂಗಿಟ್. ರಸೀದಿ ನಿಮ್ಮ ಹೆಸರಲ್ಲಿರಲಿ, ಏಳು ವರ್ಷ ಇಟ್ಟುಕೊಳ್ಳಬೇಕು. ತೆರಿಗೆ ನಿವಾಸಿ ಅಲ್ಲದವರಿಗೆ ಈ ಸೌಲಭ್ಯ ಇಲ್ಲ.

ಕನಿಷ್ಠ ವೇತನ 1,700 ರಿಂಗಿಟ್‌ನಲ್ಲಿ ದುಡಿಯುವವರು ಈ ಕಡಿತದ ಆಸೆಗೆ ಜಿಮ್ ಸೇರಬೇಕಾಗಿಲ್ಲ. ನಿಮಗೆ 9ನೇ ಭಾಗ ನೋಡಿ.

7. ವಾರಕ್ಕೆ ಮೂರು ದಿನ: ವ್ಯಾಯಾಮ ಪಟ್ಟಿ

ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಮಾಂಸಖಂಡ ಬಲಪಡಿಸುವ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಇದನ್ನು ಮೂರು ದಿನದ ಜಿಮ್ ಮತ್ತು ಉಳಿದ ದಿನದ ನಡಿಗೆಯಲ್ಲಿ ಹಂಚಬಹುದು. ವಾರದಲ್ಲಿ 168 ಗಂಟೆ ಇದೆ, ಜಿಮ್‌ಗೆ ಬೇಕಾದ್ದು ಮೂರು. ಟೈಮ್ ಇಲ್ಲ ಅನ್ನುವ ಮೊದಲು ಫೋನಿನಲ್ಲಿ ಸ್ಕ್ರೀನ್ ಟೈಮ್ ಎಷ್ಟು ತೋರಿಸುತ್ತದೆ ಎಂದು ಒಮ್ಮೆ ನೋಡಿ.

ದಿನಗಳ ನಡುವೆ ಒಂದು ದಿನ ಬಿಡುವು ಇರಲಿ. ಸೋಮ, ಬುಧ, ಶನಿ ಅಥವಾ ನಿಮ್ಮ ಶಿಫ್ಟಿಗೆ ಹೊಂದುವಂತೆ. ಮೂರೂ ದಿನ ಇದೇ ಪಟ್ಟಿ. ಒಂದು ದಿನ ಎದೆ, ಒಂದು ದಿನ ತೋಳು ಅಂತ ಭಾಗ ಮಾಡುವುದು ಹೊಸಬರಿಗೆ ಬೇಡ.

ಆರಂಭ: 8 ನಿಮಿಷ ಟ್ರೆಡ್‌ಮಿಲ್ ನಡಿಗೆ ಅಥವಾ ಸೈಕಲ್, ಭುಜ ಮತ್ತು ಸೊಂಟ ಸಡಿಲ ಮಾಡುವುದು.

1) ಲೆಗ್ ಪ್ರೆಸ್ ಯಂತ್ರ, ಅಥವಾ ಬೆಂಚಿಗೆ ಕೂತು ಏಳುವ ಬಸ್ಕಿ: ತೊಡೆ, ಕುಂಡೆ.
2) ಚೆಸ್ಟ್ ಪ್ರೆಸ್ ಯಂತ್ರ: ಎದೆ, ತೋಳಿನ ಹಿಂಭಾಗ.
3) ಸೀಟೆಡ್ ರೋ: ಬೆನ್ನು. ಇಡೀ ದಿನ ಕಂಪ್ಯೂಟರ್ ಮುಂದೆ ಬಾಗುವವರು ಇದನ್ನು ಬಿಡಬೇಡಿ.
4) ಲ್ಯಾಟ್ ಪುಲ್‌ಡೌನ್: ಬೆನ್ನಿನ ಅಗಲ ಭಾಗ. ಕಂಬಿಯನ್ನು ಕತ್ತಿನ ಹಿಂದೆ ಅಲ್ಲ, ಎದೆಯ ಮುಂದೆ ಎಳೆಯಿರಿ.
5) ಹಗುರ ಡಂಬೆಲ್ ಹಿಡಿದು ಸೊಂಟದಿಂದ ಬಾಗಿ ಏಳುವುದು: ತೊಡೆಯ ಹಿಂಭಾಗ. ಬೆನ್ನು ನೇರ, ಮಂಡಿ ಸ್ವಲ್ಪ ಮಡಿಸಿ. ಮೊದಲ ಎರಡು ವಾರ ಬರಿಗೈಯಲ್ಲಿ ಕಲಿಯಿರಿ.
6) ಪ್ಲ್ಯಾಂಕ್: ಮೊಣಕೈ ಊರಿ 15ರಿಂದ 30 ಸೆಕೆಂಡು.

ಮೊದಲ ಐದಕ್ಕೆ 10ರಿಂದ 12 ಸಲ, ಎರಡು ಸುತ್ತು. ಸುತ್ತಿನ ನಡುವೆ ಒಂದೂವರೆ ನಿಮಿಷ ವಿಶ್ರಾಂತಿ. ಭಾರ ಎಷ್ಟು ಎಂದರೆ, 12 ಮುಗಿದಾಗ ಇನ್ನೂ ಎರಡು ಮೂರು ಮಾಡಬಹುದಿತ್ತು ಅನ್ನಿಸಬೇಕು. ಉಸಿರು ಹಿಡಿಯಬೇಡಿ, ಎತ್ತುವಾಗ ಬಿಡಿ, ಇಳಿಸುವಾಗ ಎಳೆಯಿರಿ. ಬಿಪಿ ಇರುವವರಿಗೆ ಇದು ಮುಖ್ಯ.

ಕೊನೆಗೆ 15 ನಿಮಿಷ ಚುರುಕು ನಡಿಗೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ.

ಹೊಟ್ಟೆ ಕರಗಿಸಲು ಬರೀ ಹೊಟ್ಟೆಯ ವ್ಯಾಯಾಮ ಮಾಡುವವರಿದ್ದಾರೆ. ಕೊಬ್ಬು ನಾವು ಹೇಳಿದ ಜಾಗದಿಂದ ಕರಗುವುದಿಲ್ಲ. ಇಡೀ ಮೈಯಿಂದ ಇಳಿಯುತ್ತಾ ಬಂದಾಗ ಹೊಟ್ಟೆಯೂ ಇಳಿಯುತ್ತದೆ. ಬೆವರು ಬರಲೆಂದು ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡುವುದರಿಂದ ಇಳಿಯುವುದು ನೀರು ಮಾತ್ರ, ನೀರು ಕುಡಿದ ಕೂಡಲೇ ವಾಪಸ್.

8. 12 ವಾರಗಳ ಹಂತ

ವಾರ 1–4: ಭಾರ ಹೆಚ್ಚಿಸಬೇಡಿ. ಗುರಿ 12 ಹಾಜರಿ. ಮೊದಲ ದಿನದ ನಂತರ ಒಂದರಿಂದ ಮೂರು ದಿನ ಮೈ ನೋಯುತ್ತದೆ, ಅದು ಸಹಜ. ಮುಂದಿನ ಸಲ ಕಡಿಮೆಯಾಗುತ್ತದೆ. ಊಟದಲ್ಲಿ ಒಂದೇ ಬದಲಾವಣೆ: ಸಿಹಿ ಪಾನೀಯ ನಿಲ್ಲಿಸುವುದು.

ವಾರ 5–8: ಒಂದು ವ್ಯಾಯಾಮದಲ್ಲಿ ಎರಡೂ ಸುತ್ತು 12 ಸಲ ಸತತ ಎರಡು ದಿನ ಆಯಿತು ಎಂದಾದರೆ, ಮುಂದಿನ ದಿನ ಇರುವುದರಲ್ಲಿ ಅತಿ ಚಿಕ್ಕ ಭಾರ ಸೇರಿಸಿ. ಊಟದಲ್ಲಿ ಅನ್ನ ಕಾಲು ತಟ್ಟೆಗೆ ತನ್ನಿ.

ವಾರ 9–12: ಮೂರನೇ ಸುತ್ತು ಸೇರಿಸಿ. ಜಿಮ್ ಇಲ್ಲದ ಎರಡು ದಿನ 30 ನಿಮಿಷ ನಡೆಯಿರಿ. ರಾತ್ರಿ ಊಟ ಒಂದು ಗಂಟೆ ಬೇಗ, ನಿದ್ದೆ ಏಳು ಗಂಟೆ.

ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡಲು ಹೋಗಬೇಡಿ. ತಪ್ಪಿದ್ದು ತಪ್ಪಿತು, ಮುಂದಿನ ದಿನ ಎಂದಿನಂತೆ ಹೋಗಿ. ಒಂದು ವಾರ ಪೂರ್ತಿ ಜ್ವರದಲ್ಲಿ ಹೋದರೆ ಭಾರ ಸ್ವಲ್ಪ ಇಳಿಸಿ ಶುರು ಮಾಡಿ. ರಂಜಾನ್ ಉಪವಾಸದಲ್ಲಿರುವವರು ಇಫ್ತಾರ್ ಆಗಿ ಒಂದೆರಡು ಗಂಟೆ ಬಿಟ್ಟು, ಎರಡೇ ಸುತ್ತು, ಹಗುರ ಭಾರದಲ್ಲಿ ಮಾಡಿದರೆ ಸಾಕು. ಆ ತಿಂಗಳು ಇದ್ದದ್ದನ್ನು ಉಳಿಸಿಕೊಂಡರೂ ಲಾಭವೇ.

9. ಜಿಮ್ ಬೇಡ, ಹಣ ಇಲ್ಲ ಅನ್ನುವವರಿಗೆ

ಮಲೇಷ್ಯಾದ ಎಷ್ಟೋ ಬಡಾವಣೆ ಪಾರ್ಕುಗಳಲ್ಲಿ ಬಯಲು ವ್ಯಾಯಾಮದ ಕಬ್ಬಿಣದ ಸಾಧನಗಳಿವೆ, ಪುಕ್ಕಟೆ. ಕ್ವಾಲಾಲಂಪುರದಲ್ಲಿ ಪೆಟ್ರೋನಾಸ್ ಅವಳಿ ಗೋಪುರದ ಬುಡದ ಕೆಎಲ್‌ಸಿಸಿ ಪಾರ್ಕಿನಲ್ಲಿ 1.3 ಕಿ.ಮೀ. ರಬ್ಬರ್ ಹಾದಿ ಇದೆ. ಮೂರು ಸುತ್ತು ಹಾಕಿದರೆ ಸುಮಾರು 4 ಕಿ.ಮೀ. ತಿತಿವಾಂಗ್ಸಾ ಕೆರೆ ಪಾರ್ಕ್, ಪೆರ್ದಾನಾ ಬೊಟಾನಿಕಲ್ ಗಾರ್ಡನ್ ಕೂಡ ನಡೆಯಲು ಚೆನ್ನಾಗಿವೆ. ಬಾತು ಗುಹೆಯ 272 ಮೆಟ್ಟಿಲು ಹತ್ತುವುದೂ ವ್ಯಾಯಾಮವೇ, ಆದರೆ ಅದು ಮುರುಗನ ಸನ್ನಿಧಿ. ಭಕ್ತರ ದಟ್ಟಣೆಯ ಹೊತ್ತಲ್ಲಿ ಅಲ್ಲಿ ಓಟ ಬೇಡ, ಮಂಡಿ ನೋವಿದ್ದವರಿಗೆ ಇಳಿಯುವುದು ಕಷ್ಟ.

ರೂಮಿನಲ್ಲೇ ಮಾಡುವುದಾದರೆ: ಕುರ್ಚಿಗೆ ಕೂತು ಏಳುವ ಬಸ್ಕಿ, ಗೋಡೆಗೆ ಕೈ ಊರಿ ದಂಡ (ನಂತರ ಮೇಜಿಗೆ, ಆಮೇಲೆ ನೆಲಕ್ಕೆ), ನೀರಿನ ಕ್ಯಾನ್ ಹಿಡಿದು ಸೊಂಟಕ್ಕೆ ಎಳೆಯುವುದು, ಪ್ಲ್ಯಾಂಕ್. 5 ಲೀಟರ್ ಕ್ಯಾನ್ ತುಂಬಿದರೆ 5 ಕೆ.ಜಿ. ಡಂಬೆಲ್. ನಮ್ಮ ಗರಡಿ ಮನೆಗಳಲ್ಲಿ ಪೈಲ್ವಾನರು ಬೆಳೆದದ್ದು ದಂಡ-ಬಸ್ಕಿಯಲ್ಲೇ.

ದುಬೈಯಲ್ಲಿರುವವರಿಗೆ 2017ರಲ್ಲಿ ಶುರುವಾದ ದುಬೈ ಫಿಟ್ನೆಸ್ ಚಾಲೆಂಜ್ ಇದೆ. ವರ್ಷದ ಕೊನೆಯ ಭಾಗದಲ್ಲಿ 30 ದಿನ, ದಿನಕ್ಕೆ 30 ನಿಮಿಷ. ಉಚಿತ ತರಗತಿಗಳು ಆಗ ತುಂಬಾ ನಡೆಯುತ್ತವೆ. ಶುರು ಮಾಡಲು ಒಳ್ಳೆಯ ನೆಪ.

10. ಮೈಮುರಿದು ದುಡಿಯುವವರಿಗೆ

ಕಟ್ಟಡ ಕೆಲಸ, ಗೋದಾಮು, ಎಣ್ಣೆತಾಳೆ ತೋಟದಲ್ಲಿ ಇಡೀ ದಿನ ದುಡಿಯುವವರಿಗೆ ಮೇಲಿನ ಪಟ್ಟಿ ಹಾಗೇ ಹೊಂದುವುದಿಲ್ಲ. ನಿಮ್ಮ ಮೈಗೆ ಶ್ರಮದ ಕೊರತೆ ಇಲ್ಲ, ವಿಶ್ರಾಂತಿಯ ಕೊರತೆ ಇದೆ. ನೀವು ನಡಿಗೆ ಸೇರಿಸಬೇಕಿಲ್ಲ. ವಾರಕ್ಕೆ ಎರಡು ದಿನ, 25 ನಿಮಿಷ, ಬೆನ್ನು ಮತ್ತು ಸೊಂಟ ಬಲಪಡಿಸುವ 3, 5, 6ನೇ ವ್ಯಾಯಾಮ ಸಾಕು. ಕೆಲಸ ಮಾಡಿಯೂ ಹೊಟ್ಟೆ ಬಂದಿದ್ದರೆ ಸಿಹಿ ಪಾನೀಯ, ಎನರ್ಜಿ ಡ್ರಿಂಕ್, ರಾತ್ರಿಯ ಅನ್ನ, ನಿದ್ದೆ ಇವುಗಳ ಕಡೆ ನೋಡಿ.

ಬಿಸಿಲನ್ನು ಹಗುರವಾಗಿ ತಗೊಳ್ಳಬೇಡಿ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಯಲು ಕೆಲಸಕ್ಕೇ ನಿಷೇಧ ಇದೆ. ಕೆಲಸಕ್ಕೇ ಬೇಡವಾದ ಬಿಸಿಲು ವ್ಯಾಯಾಮಕ್ಕೆ ಯಾಕೆ? ಮಲೇಷ್ಯಾದಲ್ಲಿ ಬಿಸಿಲಿಗಿಂತ ಸೆಖೆ ಕಾಟ, ಬೆವರು ಆರುವುದೇ ಇಲ್ಲ. ಇಲ್ಲಿ ಸೂರ್ಯ ಹುಟ್ಟುವುದೇ ಏಳರ ಸುಮಾರಿಗೆ. ಏಳರಿಂದ ಎಂಟೂವರೆ ನಡಿಗೆಗೆ ಒಳ್ಳೆಯ ಹೊತ್ತು.

11. ಮನೆಯಲ್ಲಿರುವ ಮಹಿಳೆಯರಿಗೆ

ಗಂಡನ ಜೊತೆ ಬಂದು ಅಪಾರ್ಟ್‌ಮೆಂಟಿನಲ್ಲಿ ಇರುವ ಅಕ್ಕ-ತಂಗಿಯರಿಗೆ ಊರಿನಲ್ಲಿದ್ದಷ್ಟು ಓಡಾಟ ಇಲ್ಲಿ ಇರುವುದಿಲ್ಲ. ಬಾವಿಯೂ ಇಲ್ಲ, ಅಂಗಳವೂ ಇಲ್ಲ, ಲಿಫ್ಟ್ ಇದೆ. ಇದೇ ಪಟ್ಟಿ, ಇದೇ ಕ್ರಮ ನಿಮಗೂ. ಭಾರ ಎತ್ತಿದರೆ ಗಂಡಸರ ಮೈಕಟ್ಟು ಬರುತ್ತದೆ ಅನ್ನುವುದು ಸುಳ್ಳು. ಮೂಳೆ ಗಟ್ಟಿಯಾಗುತ್ತದೆ, ಮುಟ್ಟು ನಿಂತ ಮೇಲೆ ಅದರ ಬೆಲೆ ಗೊತ್ತಾಗುತ್ತದೆ. ಇಲ್ಲಿನ ಕಾಂಡೋಗಳಲ್ಲಿ ಹೆಚ್ಚಾಗಿ ಸಣ್ಣ ಜಿಮ್ ಇದ್ದೇ ಇರುತ್ತದೆ, ಮೇಂಟೆನೆನ್ಸ್ ಹಣದಲ್ಲಿ ಅದೂ ಸೇರಿದೆ. ಹಗಲು ಹನ್ನೊಂದರ ಹೊತ್ತಿಗೆ ಅಲ್ಲಿ ಜನ ಕಡಿಮೆ. ಹೆಂಗಸರಿಗೆ ಮಾತ್ರ ಇರುವ ಜಿಮ್‌ಗಳೂ ಇಲ್ಲಿವೆ. ಗರ್ಭಿಣಿಯರು, ಹೆರಿಗೆ ಆದವರು ಡಾಕ್ಟರ್ ಹೇಳಿದ ಮೇಲೆಯೇ ಶುರು ಮಾಡಿ.

12. ಸ್ಲಿಮ್ಮಿಂಗ್ ಕಾಫಿ, ಮಾತ್ರೆ, ಪೌಡರ್

ವಾಟ್ಸಾಪಿನಲ್ಲಿ, ಆನ್‌ಲೈನಿನಲ್ಲಿ ಮಾರುವ "15 ದಿನದಲ್ಲಿ 8 ಕೆ.ಜಿ." ಕಾಫಿ, ಮಾತ್ರೆಗಳ ಹತ್ತಿರವೂ ಹೋಗಬೇಡಿ. ಇಂಥವುಗಳಲ್ಲಿ ಸಿಬುಟ್ರಮಿನ್ ಎಂಬ ಔಷಧಿ ಕದ್ದು ಬೆರೆಸಿರುವುದನ್ನು ಮಲೇಷ್ಯಾ ಮತ್ತು ಸಿಂಗಾಪುರದ ಅಧಿಕಾರಿಗಳು ಮತ್ತೆ ಮತ್ತೆ ಪತ್ತೆ ಮಾಡಿದ್ದಾರೆ. ಹೃದಯಾಘಾತ, ಪಾರ್ಶ್ವವಾಯು ಅಪಾಯದ ಕಾರಣಕ್ಕೆ 2010ರಲ್ಲೇ ಹಲವು ದೇಶಗಳು ಅದನ್ನು ಮಾರುಕಟ್ಟೆಯಿಂದ ತೆಗೆದವು. ಮಲೇಷ್ಯಾದಲ್ಲಿ ನೋಂದಾಯಿತ ಔಷಧಿಯ ಮೇಲೆ "ಎಂಎಎಲ್" ಎಂದು ಶುರುವಾಗುವ ಸಂಖ್ಯೆ ಮತ್ತು ಹೊಲೊಗ್ರಾಂ ಚೀಟಿ ಇರಬೇಕು. ಪ್ರೋಟೀನ್ ಪೌಡರ್ ಕಡ್ಡಾಯ ಅಲ್ಲ, ಊಟದಲ್ಲಿ ಸಿಕ್ಕರೆ ಬೇಕಾಗಿಯೂ ಇಲ್ಲ.

13. ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

• ಎದೆಯಲ್ಲಿ ಭಾರ, ಎಡಗೈ ಅಥವಾ ದವಡೆಗೆ ಹಬ್ಬುವ ನೋವು, ತಣ್ಣನೆ ಬೆವರು. ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ.
• ತಲೆಸುತ್ತು, ಕಣ್ಣು ಕತ್ತಲೆ, ಮಾತು ತೊದಲುವುದು.
• ಬಿಸಿಲಲ್ಲಿ ಗಲಿಬಿಲಿ, ಮೈ ಕಾದು ಸುಡುವುದು.
• ಜಿಮ್ ಮಾಡಿದ ಮರುದಿನ ಮೂತ್ರ ಕೋಲಾ ಬಣ್ಣಕ್ಕೆ ತಿರುಗುವುದು. ಮಾಂಸಖಂಡ ಒಡೆದು ಕಿಡ್ನಿಗೆ ಪೆಟ್ಟು ಬೀಳುತ್ತಿರುವ ಸೂಚನೆ ಇದು, ಆಸ್ಪತ್ರೆಗೆ ಹೋಗಲೇಬೇಕು.

ತುರ್ತು ಆಂಬುಲೆನ್ಸ್: ಮಲೇಷ್ಯಾ 999, ಯುಎಇ 998, ಸೌದಿ 997, ಕತಾರ್ 999, ಬಹರೈನ್ 999, ಕುವೈತ್ 112, ಒಮಾನ್ 9999. ಫೋನಿನಲ್ಲಿ ಈಗಲೇ ಸೇವ್ ಮಾಡಿ.

14. ನೋಟ್‌ಬುಕ್‌ನಲ್ಲಿ ಏನು ಬರೆಯಬೇಕು

ಒಂದು ದಿನಕ್ಕೆ ಒಂದು ಸಾಲು ಸಾಕು: ತಾರೀಖು, ಹಾಜರಿ, ಪ್ರತಿ ವ್ಯಾಯಾಮಕ್ಕೆ ಎಷ್ಟು ಭಾರ, ಎಷ್ಟು ಸಲ. ತೂಕ ವಾರಕ್ಕೆ ಒಮ್ಮೆ, ಸೊಂಟದ ಅಳತೆ ನಾಲ್ಕು ವಾರಕ್ಕೆ ಒಮ್ಮೆ. ದಿನಾ ತೂಕ ನೋಡಿ ಬೇಸರ ಮಾಡಿಕೊಳ್ಳಬೇಡಿ. ಉಪ್ಪು, ನೀರು, ಹಿಂದಿನ ರಾತ್ರಿಯ ಊಟದಿಂದಲೇ ಒಂದು ಕೆ.ಜಿ. ಅತ್ತಿತ್ತ ಆಗುತ್ತದೆ.

12 ವಾರ ಆದಾಗ ಕೂಡಿಸಿ ನೋಡಿ. 36ರಲ್ಲಿ 30 ಹಾಜರಿ ಇದ್ದರೆ ನೀವು ಪಾಸ್. ತೂಕ ಎರಡೇ ಕೆ.ಜಿ. ಇಳಿದು, ಸೊಂಟ ನಾಲ್ಕು ಸೆಂ.ಮೀ. ಇಳಿದು, ಲೆಗ್ ಪ್ರೆಸ್ ಭಾರ ಹೆಚ್ಚಾಗಿದ್ದರೆ ಅದು ನಷ್ಟವಲ್ಲ: ಕೊಬ್ಬು ಹೋಗಿ ಮಾಂಸಖಂಡ ಉಳಿದಿದೆ ಎಂದರ್ಥ. ಹಾಜರಿ 30 ಇದ್ದೂ ಸೊಂಟ ಕದಲದಿದ್ದರೆ ಜಿಮ್ ಬದಲಿಸಬೇಡಿ, ತಟ್ಟೆ ಮತ್ತು ಗ್ಲಾಸ್ ನೋಡಿ. ಹಾಜರಿ 15ಕ್ಕಿಂತ ಕಡಿಮೆ ಇದ್ದರೆ ಜಾಗ ಅಥವಾ ಹೊತ್ತು ನಿಮಗೆ ಹೊಂದಿಲ್ಲ, ಅದನ್ನು ಬದಲಿಸಿ ಮತ್ತೆ ಒಂದನೇ ವಾರದಿಂದ ಶುರು ಮಾಡಿ.

ಊರಿಗೆ ತಿಂಗಳು ತಿಂಗಳು ಹಣ ಕಳಿಸುವುದನ್ನು ನಾವು ಯಾರೂ ಮರೆಯುವುದಿಲ್ಲ. ತಾರೀಖು ಬಂತು ಅಂದರೆ ಕಳಿಸಿಯೇ ಬಿಡುತ್ತೇವೆ, ಮನಸ್ಸಿದೆಯೋ ಇಲ್ಲವೋ ಎಂದು ನೋಡುವುದಿಲ್ಲ. ವಾರದ ಮೂರು ಗಂಟೆಯನ್ನೂ ಅದೇ ಖಾತೆಗೆ ಸೇರಿಸಿ. ಮನೆಯವರು ಕಾಯುತ್ತಿರುವುದು ಹಣಕ್ಕೆ ಮಾತ್ರ ಅಲ್ಲ.